ಕುಂಟು ಕುದುರಿ

ವಾಡೇದವರು ಗೋಣಿಚೀಲದಾಗ ಸುತ್ತಿ ತಂದರು:
ಆಳೆತ್ತರದ ನಳಿಗಿ, ಜಂಗು ತಿಂದ ಬೀಗ.
"ಗ್ವಾಡಿಗೆ ತೂಗಹಾಕಾಕ, ಮೀರಾಸಾಬ.
ಆದರ ಕುದುರಿ ಎಳದರ ಟಕ್ ಅನಬೇಕು."
ನಳಿಗಿಗೆ ಸೀಸ ಹೊಯ್ದು ಸರಕಾರ
ಎಂದೋ ಬಾಯಿ ಮುಚ್ಚೇತಿ.

ಮೂರು ದಿನ ಚಿಮಣಿ ಎಣ್ಣ್ಯಾಗ ನೆನೀತು.
ತಿರುಪು ಬಿಚ್ಚಿದರ ಒಳಗ
ಕಣಜದ ಗೂಡಿನ ಮಣ್ಣು, ಒಂದು ಒಣ ರೆಕ್ಕಿ,
ಮುರದ ಕಮಾನು.

ಕಮಾನು ಸಸಾರ.
ಹಳೇ ಗರಗಸದ ಅಲಗು ಬಾಗಿಸಿ, ಕೆಂಪಗ ಕಾಸಿ
ಕುಸುಬಿ ಎಣ್ಣ್ಯಾಗ ಅದ್ದಿ, ಮತ್ತ
ನವಿಲುಗೊರಳ ನೀಲಿ ಏರೂತನಕ ಹದಾ ಹಿಡದೆ.
ಜಮಖಂಡಿ ಪ್ಯಾಟಿ ತುಂಬ ಅದರ ವಾಸನಿ.

ಕುದುರಿ ಮಾತ್ರ ನಿಲ್ಲವಲ್ದು.
ಎಳದಷ್ಟೂ ಜಾರತಿತ್ತು.
ಚಾಳೀಸು ಏರಿಸಿ ಕಚ್ಚು ನೋಡಿದೆ:
ಸವದದ್ದಲ್ಲ ಇದು. ಅರ ಆಡೇತಿ.
ಮೂರು ಗೀರು, ಓರೆ, ಅವಸರದ್ದು,
ಈ ಕಸಬು ಅರಿಯದ ಕೈ.

ಯಾರೋ ಒಂದು ರಾತ್ರಿ
ದೀಪ ಸಣ್ಣ ಮಾಡಿ
ಇದರ ಕಾಲು ಮುರದಾರ.
ಯಾರನ್ನ ಉಳಿಸಾಕೋ,
ಯಾರನ್ನ ಕೊಲ್ಲಿಸಾಕೋ.

ಪೋಲಾದಿನ ತುಣುಕು ಬೆಸದು ಹೊಸ ಕಚ್ಚು ಕೊರದೆ.
ಟಕ್ ಅಂತು.
ವಾಡೇದ ಹುಡುಗ ಚಪ್ಪಾಳಿ ಹೊಡದ.

ಎರಡು ಗೀರು ಅಳಿಸೀನಿ.
ಮೂರನೇದು ಹಂಗ ಐತಿ, ಒಳಗ,
ಕೆಲಸಕ್ಕ ಅಡ್ಡ ಬರೂದಿಲ್ಲ.
ಮಜೂರಿ ಎಣಿಸುವಾಗ ಅವರು ಕೇಳಲಿಲ್ಲ.
ನಾ ಹೇಳಲಿಲ್ಲ.