ಗೊರಸು ಹೋದ ವರ್ಷ

ಬಂದರಿನ ನನ್ನ ಗುಜರಿ ಮೇಜಿನ ಮೇಲೆ
ಜೆಪ್ಪುವಿನ ಎಸ್ತೆರಮ್ಮ ಕರವಸ್ತ್ರ ಬಿಚ್ಚಿದರು.
ಮಡಚುವ ಚೂರಿ.
“ಹಂಚಿನ ಕಾರ್ಖಾನೆಯ ಜರ್ಮನ್ ದೊರೆ
ಅಜ್ಜನಿಗೆ ಕೊಟ್ಟದ್ದು.
ಯಾವ ಕಾಲದ್ದು, ಹೇಳಿ ಮಾರಾಯ್ರೆ.”

ಬುಡದ ಹಲಸಿನ ಮೇಣಕ್ಕೆ ತೆಂಗಿನೆಣ್ಣೆ ಹಚ್ಚಿ ಉಜ್ಜಿದೆ.
‘ಸೋಲಿಂಗೆನ್’ ಎದ್ದಿತು. ದೇಶದ ಹೆಸರಿಲ್ಲ.
ಹಾಗಾದರೆ ಹಳತೇ. ಇಲ್ಲಾ, ಸವೆದೇ ಹೋಯಿತೋ,
ಭೂತಗನ್ನಡಿ ಬಾಯಿ ಬಿಡಲಿಲ್ಲ.

ಅಲಗಿನ ಮೇಲೆ ಆಸಿಡ್ ಕೊರೆದ ಕಡವೆ.
ಕೊಂಬಿದೆ, ಕಣ್ಣಿದೆ, ಕಾಲಿಲ್ಲ.
“ಹಂಚಿನ ಬೆನ್ನಿಗೇ ಮಸೆಯುವುದಲ್ಲವಾ,” ಎಂದರು,
“ಅಪ್ಪನ ಕಾಲಕ್ಕೆ ಗೊರಸು ಹೋಯಿತು,
ನನ್ನ ಮದುವೆಯ ವರ್ಷ ಮೊಣಕಾಲು.”

ಕಾಲಿದ್ದರೆ ಮೂರು ಪಟ್ಟು ಬೆಲೆ, ಎನ್ನಬೇಕಿತ್ತು.
ಎದೆಮಟ್ಟ ನೀರಲ್ಲಿ ಕಡವೆ
ನೇತ್ರಾವತಿ ದಾಟುತ್ತಿತ್ತು,
ಮೂತಿ ಮೇಲೆತ್ತಿ.

ಮಡಚಿದೆ. ಟಕ್.
ಸ್ಪ್ರಿಂಗು ಇನ್ನೂ ಗಟ್ಟಿ.