ಮೂರು ಗೀಟು

ಮನೆ ಅಗ್ಗಕ್ಕೆ ಸಿಕ್ಕಿತು. ಎರಡು ಕೋಣೆ, ಒಂದು ಚೆಸ್ಟ್‌ನಟ್ ಮರ,
ಬಾಗಿಲ ಪಕ್ಕ ಗೋಡೆಯಲ್ಲೊಂದು ತೂತು.
ಫೋನಿನ ತಂತಿ ಅಲ್ಲಿಂದ ಒಳಗೆ ಬರುತ್ತಿತ್ತಂತೆ.
ಈಗ ಇರುವೆ ಬರುತ್ತವೆ, ಸಾಲು ತಪ್ಪದೆ.

ಕಂಪನಿಗೆ ಫೋನು ಮಾಡಿದೆ,
ತಿರುವಿನ ಬಸ್‌ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ನಿಂತು.
ಕೂತರೆ ಕೇಳಿಸುವುದಿಲ್ಲ.
ಇಂಟರ್ನೆಟ್ ಬೇಕಿತ್ತು, ಎಂದೆ.
ನಿಮ್ಮ ಲ್ಯಾಂಡ್‌ಲೈನ್ ನಂಬರು? ಎಂದಳು.
ಇಲ್ಲ.
ಹಾಗಾದರೆ ಹೊಸ ಲೈನಿಗೆ ಬರೆದುಕೊಳ್ಳುತ್ತೇನೆ,
ನಮ್ಮವರು ಬರುವ ದಿನ ತಿಳಿಸಲು
ಒಂದು ಲ್ಯಾಂಡ್‌ಲೈನ್ ನಂಬರು ಹೇಳಿ.

ಹುಚ್ಚು ಬಿಡದೆ ಮದುವೆಯಾಗದು,
ಮದುವೆಯಾಗದೆ ಹುಚ್ಚು ಬಿಡದು.
ಬೆಂಚಿನಿಂದ ಇಳಿದೆ.

ನಾನು ಹೊಲಿಗೆ ಯಂತ್ರದ, ಫ್ರಿಜ್ಜಿನ ಕೈಪಿಡಿಗಳನ್ನು
ಜರ್ಮನ್‌ನಿಂದ ಪೋರ್ಚುಗೀಸಿಗೆ ತರುವವಳು.
ಗುರುವಾರದೊಳಗೆ ನಲವತ್ತು ಪುಟ ಹೋಗಬೇಕು.
'ಸೂಜಿ ಬದಲಿಸುವ ಮುನ್ನ ವಿದ್ಯುತ್ ಸಂಪರ್ಕ ತಪ್ಪಿಸಿ'
ಎಂದು ಬರೆದು ನಕ್ಕೆ, ಯಾವ ಸಂಪರ್ಕ?

ಎದುರು ಮನೆಯ ಅದೆರಿತು
ಮೂವತ್ತೊಂದು ವರ್ಷ ಕಂಬ ಹತ್ತಿದವರು.
ಕಣಿವೆಯ ಒಂದೊಂದು ಕಂಬವೂ ಅವರಿಗೆ ಗುರುತು:
ಸಿಡಿಲು ಹೊಡೆದದ್ದು, ಕೊಕ್ಕರೆ ಗೂಡು ಕಟ್ಟಿದ್ದು,
ಡೊರಿಂದು ಬಿದ್ದದ್ದು.
ತಾಮ್ರ ಹೋದದ್ದು ಒಂದೇ ರಾತ್ರಿಯಲ್ಲಿ, ದೀಪ ಆರಿಸಿದ ಲಾರಿಯಲ್ಲಿ.
ಬೆಳಿಗ್ಗೆ ಎತ್ತಿದರೆ ಯಾರ ಫೋನಿನಲ್ಲೂ ಏನೂ ಇಲ್ಲ.
ಮೌನ ಅಂದುಕೊಂಡೆಯಾ, ಎಂದರು,
ಮೊದಲೂ ಮೌನವೇ, ಆದರೆ ಅದರೊಳಗೊಂದು ಗುಂಯ್ ಇತ್ತು.
ಕಂಪನಿ ಮತ್ತೆ ತಂತಿ ಎಳೆಯಲಿಲ್ಲ.

ಬ್ರಗಾನ್ಸದ ಅಂಗಡಿಯಿಂದ ಬಿಳಿ ಡಬ್ಬಿಯೊಂದನ್ನು ತಂದೆ.
ಒಳಗೆ ಉಗುರಿನಷ್ಟು ಸಿಮ್, ಹಿಂದೆ ಕರೆಂಟಿನ ಬಾಲ.
ಅದೆರಿತು ಅದನ್ನು, ಕಾವಿಗೆ ಕೂತ ಕೋಳಿಯನ್ನು
ಮೊಟ್ಟೆ ಸಮೇತ ಎತ್ತಿದ ಹಾಗೆ ಎತ್ತಿಕೊಂಡು
ಮನೆಯೆಲ್ಲ ನಡೆದರು.
ಉದ್ದ ವಯರು ಬಿಚ್ಚುತ್ತ ನಾನು ಹಿಂದೆ.

ಅಡಿಗೆಮನೆ: ಇಲ್ಲ.
ರೊಟ್ಟಿಯ ಒಲೆಯ ಮೇಲೆ ಒಂದು ಗೀಟು,
ಅವರು ಕೈ ತೆಗೆದದ್ದೇ ಅದೂ ಸತ್ತಿತು.
ಅಟ್ಟದಲ್ಲಿ, ಈರುಳ್ಳಿ ಜಡೆಗಳ ನಡುವೆ, ಎರಡು.
ನೀರಿಗೆ ಬಾವಿ ನೋಡುತ್ತಿದ್ದೀರಾ? ಎಂದು
ಬೀದಿಯಾಚೆಯಿಂದ ಅವರ ಹೆಂಡತಿ ಝುಲ್ಮೀರ ಕೂಗಿದರು.
ಕೊನೆಗೆ ಬಚ್ಚಲ ಕಿಟಕಿ:
ಮೂರು! ಎಂದು ನಾನು ಕಿರುಚುವಷ್ಟರಲ್ಲಿ
ನನ್ನ ಫೋನಿಗೊಂದು ಸಂದೇಶ ಬಂತು:
ಸ್ಪೇನಿಗೆ ಸುಸ್ವಾಗತ.

ಅದೆರಿತು ಗುಡ್ಡದಾಚೆ ನೋಡಿದರು.
ನನ್ನಪ್ಪ ಕಾಫಿ ಮೂಟೆ ಹೊತ್ತು
ರಾತ್ರೋರಾತ್ರಿ ಆ ಕಡೆ ದಾಟಿಸುತ್ತಿದ್ದ.
ತೀರಿಸಲಿ ಬಿಡು.

ಕಿಟಕಿಗೆ ಗಾಳಿ ಜಾಸ್ತಿ. ಡಬ್ಬಿ ಎರಡು ಸಲ ಟಬ್ಬಿಗೆ ಬಿತ್ತು.
ಅವರು ಮನೆಗೆ ಹೋಗಿ ಒಂದು ಸಿಂಬಿ ತಾಮ್ರ ತಂದರು,
ಎಲ್ಲಿ ಇಟ್ಟಿದ್ದರೋ, ಝುಲ್ಮೀರರಿಗೂ ಗೊತ್ತಿರಲಿಲ್ಲ.
ಡಬ್ಬಿಯನ್ನು ಕಿಟಕಿಯ ಕೊಂಡಿಗೆ ಬಿಗಿದು
ಎರಡು ಸುತ್ತು, ಒಂದು ಒಳಮುಡಿ, ಮತ್ತೊಂದು ಎಳೆತ,
ಕಂಬದ ತುದಿಯಲ್ಲಿ ಹಾಕುತ್ತಿದ್ದ ಗಂಟು.
ಇಷ್ಟಾದರೂ ತಂತಿ ಇರಲಿ, ಎಂದರು.

ಆಮೇಲೆ ಟೊಪ್ಪಿ ತೆಗೆದು ಡಬ್ಬಿಗೆ ಕಿವಿ ಕೊಟ್ಟರು.
ಗುಂಯ್ ಇಲ್ಲ.
ಆ ಕಡೆ ಯಾರೋ ಇದ್ದಾರೆ ಅಂತ ನಿನಗೆ ತಿಳಿಯೋದು ಹೇಗೆ?
ಹಸಿರು ದೀಪ ತೋರಿಸಿದೆ.
ಬಹಳ ಹೊತ್ತು ನೋಡಿದರು, ನಂಬಿದಂತೆ ಕಾಣಲಿಲ್ಲ.

ನಲವತ್ತು ಪುಟ ಬುಧವಾರವೇ ಹೋಯಿತು.

ಈಗ ಭಾನುವಾರ ಝುಲ್ಮೀರ ಬರುತ್ತಾರೆ,
ಒಳ್ಳೆಯ ಸೀರಗೆ ಕಿವಿಯೋಲೆ ತೊಟ್ಟು
ಬೀಗರ ಮನೆಗೆ ಬಂದವರಂತೆ ನೆಟ್ಟಗೆ
ನನ್ನ ಟಬ್ಬಿನ ಅಂಚಿಗೆ ಕೂತು
ಲಿಯೋನಿನಲ್ಲಿರುವ ತಂಗಿಯ ಜೊತೆ
ಕೂಗಿ ಕೂಗಿ ಮಾತಾಡುತ್ತಾರೆ, ದೂರ ಅಲ್ಲವೇ.
ನಾನು ಸ್ನಾನಕ್ಕೆ ಬಿಸಿನೀರು ಬಿಟ್ಟರೆ ಒಂದು ಗೀಟು ಇಳಿಯುತ್ತದೆ.
ಅದೆರಿತು ಒಳಗೆ ಬರುವುದಿಲ್ಲ.
ಬಾಗಿಲ ಬಳಿ ನಿಂತು
ಗೋಡೆಯ ತೂತಿಗೆ ಬೆರಳಿಟ್ಟು ನೋಡುತ್ತಾರೆ,
ಇರುವೆಗಳು ಸುತ್ತಿ ಹೋಗುತ್ತವೆ.