ಕೊಸರು

ದುಧನಿಯ ಮಾರ್ಕೆಟ್ ಯಾರ್ಡಿನಲ್ಲಿ ನಾನು ತೂಕದ ಗುಮಾಸ್ತ.
ಹಮಾಲರು ಕನ್ನಡದಲ್ಲಿ ಎಣಿಸುತ್ತಾರೆ,
ನಾನು ಮರಾಠಿಯಲ್ಲಿ ಬರೆದುಕೊಳ್ಳುತ್ತೇನೆ.
ಕಾಂಟಾದ ಮೇಲೆ ಚೀಲ ಕುಳಿತು, ನಡುಗಿ,
ಕೆಂಪು ಅಂಕಿ ನಿಲ್ಲುವ ತನಕ
ಉಸಿರು ಹಿಡಿದು ನೋಡುವುದು.
ಅದಕ್ಕೇ ಸಂಬಳ.

ಗಿಟಾರು, ಸೊಲ್ಲಾಪುರದ ಆರ್ಕೆಸ್ಟ್ರಾ ಬಿಟ್ಟು
ವಿಮೆ ಏಜೆಂಟನಾದ ಸ್ಟೀಫನ್ ಗಾಯಕವಾಡನದು.
ಎರಡೂವರೆ ಸಾವಿರಕ್ಕೆ ಕೊಟ್ಟ,
ಜೊತೆಗೊಂದು ಪಾಲಿಸಿಯನ್ನೂ ಗಂಟು ಹಾಕಿದ.
ಪಾಲಿಸಿ ಬರುವ ವರ್ಷ ಕೈಗೆ ಬರುತ್ತದೆ.
ಎಫ್ ಕಾರ್ಡ್ ಇನ್ನೂ ಬಂದಿಲ್ಲ.
ತೋರುಬೆರಳು ಆರೂ ತಂತಿಯ ಮೇಲೆ ಅಡ್ಡ ಮಲಗಬೇಕು;
ಎರಡನೆಯ ತಂತಿ ಪ್ರತಿಸಲ ಠುಸ್ ಅನ್ನುತ್ತದೆ,
ತಳ ಹರಿದ ಚೀಲದ ಹಾಗೆ.

ರಾತ್ರಿ ಊಟದ ತಾಟು ಎತ್ತಿಟ್ಟು
ಹೆಂಡತಿ ಮಶೀನಿಗೆ ಕುಳಿತಾಗ ನಾನು ಮಾಳಿಗೆ ಹತ್ತುತ್ತೇನೆ.
ಅವಳ ಹೊಲಿಗೆಗೆ ದುಡ್ಡು ಬರುತ್ತದೆ.
ಈ ಮಾತು ಅವಳು ಒಮ್ಮೆಯೂ ಆಡಿಲ್ಲ,
ಕಿವಿ ತಿರುವಿ ತಂತಿ ಬಿಗಿಯುವಾಗ
ನಾನೇ ಆಡಿಕೊಳ್ಳುತ್ತೇನೆ.
ಗೂಡ್ಸ್ ಗಾಡಿ ಹಾಯುವಾಗ ಗೋಡೆ ಗುಂಯ್ ಎಂದು
ದಪ್ಪ ತಂತಿ ತಾನಾಗಿ ಮಿಡಿಯುತ್ತದೆ.
ಇಡೀ ರಾತ್ರಿಯಲ್ಲಿ ಅದೊಂದೇ ಸ್ವರ
ತಪ್ಪದೆ ಬರುವುದು.

ಎಳ್ಳಮಾಸೆ ದಾಟಿತೆಂದರೆ ತೊಗರಿ.
ಆಮೇಲೆ ಹನ್ನೊಂದರ ತನಕ ಕಾಂಟಾ,
ಮೂಗಿನೊಳಗೆ ಹೊಟ್ಟು, ರೆಪ್ಪೆಯ ಮೇಲೆ ಹೊಟ್ಟು,
ಕನಸಿನಲ್ಲೂ ಚೀಲದ ತೂಕ ಕಳೆಯುತ್ತಿರುತ್ತೇನೆ.
ಗಿಟಾರು ಎರಡು ತಿಂಗಳು ಗೋಣಿಯೊಳಗೆ.
ಎಡಗೈ ಬೆರಳ ತುದಿಯ ಜಡ್ಡು
ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ.
ಪಟ್ಟಿ ಬರೆಯುತ್ತ ಅದನ್ನೇ ಕೀಳುತ್ತಿದ್ದರೆ
ಅಡತಿ ಸಾಹುಕಾರ, "ಏನ್ರೀ, ಚರ್ಮರೋಗೇನು?"
ಹೂಂ ಅನ್ನುತ್ತೇನೆ. ತೀರ ಸುಳ್ಳೇನಲ್ಲ.

ಶಿವರಾತ್ರಿ ಕಳೆದು ಮತ್ತೆ ಹಿಡಿದರೆ
ಬೆರಳು, ಕೂಸಿನ ಬೆರಳು.
ತಂತಿ ಕೊರೆದು ಕಣ್ಣಲ್ಲಿ ನೀರು.
ಹನ್ನೊಂದು ವರ್ಷದಲ್ಲಿ ಹನ್ನೊಂದು ಸಲ
ಮೊದಲನೆಯ ಪಾಠ.

ಹೋದ ವರ್ಷ ಅಕ್ಕಲಕೋಟೆಯ ಮದುವೆಯಲ್ಲಿ
ಗಿಟಾರಿನವನಿಗೆ ಜ್ವರ ಬಂದು ನನ್ನನ್ನು ನಿಲ್ಲಿಸಿದರು.
ಎಂಟುನೂರು ರೂಪಾಯಿ, ಒಂದು ಶಾಲು, ಬುಂದಿಯ ಪೊಟ್ಟಣ.
ಎಫ್ ಬಂದಾಗಲೆಲ್ಲ ನಾನು ಡ್ರಮ್ಮಿನವನ ಕಡೆ ನೋಡುವುದು,
ಪುಣ್ಯಾತ್ಮ ಸಪ್ಪಳ ಏರಿಸಿ ಮುಚ್ಚಿಬಿಡುವುದು.
"ಪೂರಾ ಬಂದುಬಿಡು," ಅಂದ ಮಾಲೀಕ,
"ತಿಂಗಳಿಗೆ ಹತ್ತು ಕಾರ್ಯಕ್ರಮ."
ಬಸ್ಸಿನಲ್ಲಿ ಎಂಟುನೂರನ್ನು ಹತ್ತರಿಂದ ಗುಣಿಸಿದೆ.
ಗುಣಾಕಾರ ನನಗೆ ಚೆನ್ನಾಗಿ ಬರುತ್ತದೆ.
ಬೆಳಿಗ್ಗೆ ಎಂಟಕ್ಕೆ ಕಾಂಟಾದ ಮುಂದಿದ್ದೆ.
ಶಾಲು ಈಗ ಗಿಟಾರಿಗೆ ಹೊದಿಸಿದ್ದೇನೆ, ಗೋಣಿಯ ಒಳಗೆ.

ಹಳೆಯ ತಕ್ಕಡಿಯ ಕಾಲದಲ್ಲಿ
ಮುಳ್ಳು ನಿಂತ ಮೇಲೂ ಒಂದು ಹಿಡಿ
ಕೊಸರು ಹಾಕುತ್ತಿದ್ದರಂತೆ.
ಈ ಕಾಂಟಾಕ್ಕೆ ಅದು ಗೊತ್ತಿಲ್ಲ, ಗ್ರಾಮಿನ ತನಕ ಲೆಕ್ಕ.
ಹಾಗಾದರೂ ಕಾಳು ಉದುರುತ್ತದೆ.
ತೂಕ ಮುಗಿದ ಮೇಲೆ ಹುಸೇನಬೀ ಬಂದು
ಕಟ್ಟೆಯ ಬಿರುಕುಗಳನ್ನು ಬಳಿಯುತ್ತಾಳೆ,
ಮೊರದಲ್ಲಿ ಕೇರಿ, ಕಲ್ಲು ಆರಿಸಿ,
ಯಾವ ಪಟ್ಟಿಗೂ ಹತ್ತದ ತೊಗರಿಯನ್ನು ಸೆರಗಿಗೆ ಕಟ್ಟುತ್ತಾಳೆ.

ನಿನ್ನೆ ಕೇಳಿದಳು:
"ತಮ್ಮಾ, ರಾತ್ರಿ ಮಾಳಗಿ ಮ್ಯಾಲ ಬಾರಸ್ತಿಯಲ್ಲ,
ಒಂದ್ ಜಾಗಾದಾಗ ದಿನಾ ಎಡವ್ತದ, ಯಾಕ?"
ನಾನು ಪೆನ್ನಿನ ಮುಚ್ಚಳ ಹುಡುಕಿದೆ.
"ಅಲ್ಲೀತನಕ ಬಂತಂದ್ರ ನಾ ಎದ್ದು ಕುಂದರ್ತೀನಿ,
ಇವತ್ತರ ದಾಟ್ತಾನೋ ಇಲ್ಲೋ ಅಂತ."
ಮೊರ ಕೊಡವಿ ಹೋದಳು.

ಈಗ ಕೊನೆಯ ಗೂಡ್ಸೂ ಹೋಯಿತು.
ಕೆಳಗೆ ಮಶೀನು ನಿಂತಿದೆ.
ತೋರುಬೆರಳು ಅಡ್ಡ ಮಲಗಿಸುತ್ತೇನೆ.
ಓಣಿಯಾಚೆ ಒಬ್ಬಳು
ಎದ್ದು ಕುಳಿತಿದ್ದಾಳೆ.